ಚಿಕ್ಕಮ್ಮನ ಅಭಿಪ್ರಾಯ

ಮಾರ್ಚ್ 3, ಭಾನುವಾರ. ಸಂಜೆ 6.40

ಬಾಟಲಿ ಫ್ರಿಜ್‌ನಿಂದ ಹೊರಗೆ, ಹತ್ತು ನಿಮಿಷ. ಎರಡು ಗ್ಲಾಸು. ಎರಡಕ್ಕೂ ಮೂರು ಬೆರಳಷ್ಟು. ಪೋರ್ಚುಗಲ್‌ನ ಬಿಳಿ ವೈನ್, ಅಗ್ಗದ್ದು, ವೈನ್ ಅಂಗಡಿಯ ಕೆಳಗಿನ ಶೆಲ್ಫಿನದು. ನಮ್ಮ ಗುಂಪಿನ ಹೆಸರೂ ಅದೇ — ‘ಕೆಳಗಿನ ಶೆಲ್ಫ್’. ಹನ್ನೊಂದು ಮನೆ. ಎಲ್ಲರೂ ಒಂದೇ ವೈನ್ ತಂದು ಭಾನುವಾರ ಆರಕ್ಕೆ ತೆಗೆಯುವುದು, ಏಳರೊಳಗೆ ಫೋನಿನಲ್ಲಿ ಅಭಿಪ್ರಾಯ ಹಾಕುವುದು. ಒಂದು ಮನೆಯಿಂದ ಎರಡು, ಕಡ್ಡಾಯ. ಗುಂಪು ಕಟ್ಟಿದ ಮೇಷ್ಟ್ರ ನಿಯಮ: ಒಬ್ಬರೇ ಕೂತರೆ ಕುಡಿತ, ಇಬ್ಬರು ಕೂತು ಜಗಳವಾಡಿದರೆ ರುಚಿ ನೋಡುವುದು.

ನನ್ನದು: ಹಸಿರು ಸೇಬು, ನಿಂಬೆ ಸಿಪ್ಪೆ. ನಾಲಿಗೆಯ ತುದಿಯಲ್ಲಿ ಸಣ್ಣ ನೊರೆ. ಬೇಗ ಮುಗಿಯುತ್ತದೆ.

ಚಿಕ್ಕಮ್ಮನದು: “ಬಾಗಿಲಲ್ಲೇ ನಿಂತು ಮಾತಾಡಿ ಹೋಗೋ ನೆಂಟ. ಒಳಗೆ ಬಾ ಅಂದ್ರೂ ಬರಲ್ಲ.”

ಬೇಕರಿ ನಡೆಸುವ ಸದಸ್ಯೆ ಎರಡೇ ನಿಮಿಷದಲ್ಲಿ ಉತ್ತರಿಸಿದರು. “ಚಿಕ್ಕಮ್ಮನಿಗೆ ನೂರಕ್ಕೆ ನೂರು. ನಿಮಗೆ ಪಾಸ್ ಮಾರ್ಕ್ಸ್.”

ಎರಡನೇ ಗ್ಲಾಸನ್ನೂ ನಾನೇ ಮುಗಿಸಿದೆ. ಚಿಕ್ಕಮ್ಮ ತೀರಿಕೊಂಡು ನಾಲ್ಕು ವರ್ಷ. ಗುಂಪಿಗೆ ಸೇರಿ ಎರಡು.

ಮಾರ್ಚ್ 6, ಬುಧವಾರ

ನಮ್ಮ ಕನ್ನಡಕದಂಗಡಿಯಲ್ಲಿ ಹದಿನಾಲ್ಕು ಜನರ ಕಣ್ಣು ನೋಡಿದೆ. ಒಂದು ಲೆನ್ಸ್ ತೆಗೆದು ಇನ್ನೊಂದು ಹಾಕುವುದು. “ಮೊದಲಿನದು ಚೆನ್ನಾಗಿ ಕಾಣುತ್ತೋ, ಇದೋ?” ದಿನವಿಡೀ ಇದೇ ಮಾತು. ಮನೆಗೆ ಬಂದ ಮೇಲೆ ಮಾತೇ ಇಲ್ಲ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಸೇರುವಾಗ ಮೇಷ್ಟ್ರು ಕೇಳಿದ್ದರು — ಜೊತೆಗೆ ಯಾರು? ಯಾರೂ ಇಲ್ಲ ಎಂದು ಟೈಪ್ ಮಾಡಿದೆ. ಅಳಿಸಿದೆ. ಚಿಕ್ಕಮ್ಮ ಎಂದು ಬರೆದೆ. ಸಾಕಿದವರು ಅವರೇ. ಬದುಕಿದ್ದಾಗ ವೈನ್ ಒಂದು ಹನಿ ಮುಟ್ಟಿದವರಲ್ಲ. ಆದರೆ ಅಭಿಪ್ರಾಯಕ್ಕೆ ಬರವಿರಲಿಲ್ಲ. ಮೊದಲ ವಾರ ಒಂದು ಗುಟುಕು ಕುಡಿದು ಕಾದೆ — ಅವರ ಮಾತು ತಾನಾಗಿ ಬಂತು. ದನಿಯ ಸಮೇತ.

ಮಾರ್ಚ್ 17, ಭಾನುವಾರ. ಸಂಜೆ 7

ಸ್ಪೇನ್‌ನ ಕೆಂಪು. ನನ್ನದು: ಒಣದ್ರಾಕ್ಷಿ, ಕರಿಮೆಣಸು, ಗಂಟಲಲ್ಲಿ ಬಿಸಿ. ಚಿಕ್ಕಮ್ಮನದು: “ಬಾಯಿ ಜೋರು, ಕೈಲಾಗದು.”

ಮೇಷ್ಟ್ರಿಂದ ಪ್ರಕಟಣೆ. ಏಪ್ರಿಲ್ 7ಕ್ಕೆ ಎಲ್ಲರೂ ಬೇಕರಿಯಲ್ಲಿ ಸೇರಿ ಮಧ್ಯಾಹ್ನದ ಊಟ. ಎರಡು ವರ್ಷದಲ್ಲಿ ಮೊದಲ ಸಲ ಮುಖಾಮುಖಿ. ಕೊನೆಯಲ್ಲಿ ನನಗೊಂದು ಸಾಲು: “ಚಿಕ್ಕಮ್ಮ ಬರಲೇಬೇಕು. ಅವರಿಗೆ ಆಗದಿದ್ದರೆ ನೀವೂ ಬರಬೇಡಿ.” ಪಕ್ಕದಲ್ಲಿ ನಗುವ ಮುಖ.

ಮಂಡಿನೋವು ಎಂದೆ. ಬೇಕರಿಯವರು: “ಅದಕ್ಕೇನು, ಕಾರು ನಾನು ತರ್ತೀನಿ. ಕೈ ಇರೋ ಕುರ್ಚಿ ಕಿಟಕಿ ಪಕ್ಕ ಹಾಕಿಸ್ತೀನಿ.”

ಮಾರ್ಚ್ 21, ಗುರುವಾರ

ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಫೋನು. ಬೇಕರಿಯವರ ದನಿ ಮೊದಲ ಸಲ ಕೇಳಿದ್ದು. ಅಂದುಕೊಂಡದ್ದಕ್ಕಿಂತ ಸಣ್ಣ ದನಿ.

“ಚಿಕ್ಕಮ್ಮನ ಹತ್ರ ಒಂದು ನಿಮಿಷ ಮಾತಾಡ್ಬೇಕಿತ್ತು ರೀ.”

“ನಾನು ಕೆಲಸದಲ್ಲಿದ್ದೀನಿ. ಅವರು ಮನೇಲಿ... ಮಲಗಿರ್ತಾರೆ.”

“ಹಾಗಾದ್ರೆ ಊಟದ ದಿನವೇ ಕೇಳ್ತೀನಿ ಬಿಡಿ. ಇದು ಟೈಪ್ ಮಾಡೋ ವಿಷಯ ಅಲ್ಲ.” ಇಡುವ ಮೊದಲು, “ನಮ್ಮೆಜಮಾನ್ರು ವಾಪಸ್ ಬರ್ತೀನಿ ಅಂತಿದ್ದಾರೆ. ಚಿಕ್ಕಮ್ಮ ಏನು ಹೇಳ್ತಾರೋ ಹಾಗೆ ಮಾಡೋಣ ಅಂತ.”

ಫೋನ್ ಇಟ್ಟು ಅವರ ಹಳೆಯ ಮೆಸೇಜು ಹುಡುಕಿ ತೆಗೆದೆ.

ಹೋದ ವರ್ಷ ಅವರ ಗಂಡ ಮನೆ ಬಿಟ್ಟು ಹೋದಾಗ ಚಿಕ್ಕಮ್ಮನಿಗೆಂದು ನನ್ನ ಫೋನಿಗೇ ಒಂದು ಪುಟ ಬರೆದಿದ್ದರು. ಚಿಕ್ಕಮ್ಮ ಉತ್ತರಿಸಿದ್ದರು: “ಹೋದವನ ಚಪ್ಪಲಿ ಬಾಗಿಲಲ್ಲಿ ಇಟ್ಕೊಂಡು ಕಾಯಬೇಡ. ಎಡವಿ ಬೀಳೋದು ನೀನೇ.” ಅವತ್ತು ಹೆಮ್ಮೆಪಟ್ಟಿದ್ದೆ. ಒಳ್ಳೆಯ ವಾಕ್ಯವೆಂದು.

ಈಗ ಒಂದು ಸಂಸಾರ ನನ್ನ ವಾಕ್ಯಕ್ಕೆ ಕಾದು ಕೂತಿದೆ.

ಮಾರ್ಚ್ 24, ಭಾನುವಾರ

ಏನೂ ಹಾಕಲಿಲ್ಲ. ‘ಊರಲ್ಲಿಲ್ಲ’ ಎಂದೆ. ಊರಲ್ಲೇ ಇದ್ದೆ. ಕುರ್ಚಿಯಲ್ಲೇ ಇದ್ದೆ.

ಏಪ್ರಿಲ್ 1, ಸೋಮವಾರ. ಬೆಳಗ್ಗೆ 5.30

ಮೆಸೇಜು ಟೈಪ್ ಮಾಡಿಟ್ಟು ನೋಡುತ್ತಿದ್ದೇನೆ. “ಚಿಕ್ಕಮ್ಮ ತೀರಿಕೊಂಡರು.” ಎರಡೇ ಪದ. ಸುಳ್ಳಲ್ಲ. ಕಳಿಸಿದರೆ ಎಲ್ಲ ಸಲೀಸು. ಮೇಷ್ಟ್ರು ಬರೆಯುತ್ತಾರೆ. ಉಳಿದ ಹತ್ತು ಮನೆಯವರೂ ಬರೆಯುತ್ತಾರೆ. ಬೇಕರಿಯವರು ಅಳುತ್ತಾರೆ. ನಾಲ್ಕು ವರ್ಷದ ಹಿಂದೆ, ಅವರು ಹೋದ ದಿನ, ಬಂದವರು ಮೂವರು — ಕೆಳಗಿನ ಮನೆಯವರು, ಡಾಕ್ಟರು, ಶವದ ಗಾಡಿಯ ಡ್ರೈವರು. ಈಗ ಇಷ್ಟೊಂದು ಜನ ಸಿಗುತ್ತಾರೆ.

ಆಸೆಯಾಯಿತು. ಬರೆದಿಡಬೇಕು ಇದನ್ನು. ನಿಜವಾಗಿ ಆಸೆಯಾಯಿತು.

5.50

ಒಂದು ಪದ ತೆಗೆದು ಮೂರು ಸೇರಿಸಿದೆ. “ಚಿಕ್ಕಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು.” ಕೆಳಗೆ: “ಅವರ ಹೆಸರಲ್ಲಿ ಬಂದದ್ದೆಲ್ಲ ನಾನು ಬರೆದದ್ದು. ಕ್ಷಮಿಸಿ.” ಕಳಿಸಿ ಫೋನನ್ನು ಅಡುಗೆಮನೆಯ ಡ್ರಾಯರಿನಲ್ಲಿ, ಚಮಚಗಳ ಕೆಳಗೆ ಇಟ್ಟೆ.

ಏಪ್ರಿಲ್ 3, ಬುಧವಾರ

ಗುಂಪಿನಲ್ಲಿ ಯಾರದೂ ಸದ್ದಿಲ್ಲ. ಓದಿದ್ದಾರೆ, ಉಳಿದ ಹತ್ತು ಮನೆಯವರೂ. ರಾತ್ರಿ ಊಟದ ಹೊತ್ತಿಗೆ ಮೇಷ್ಟ್ರು ನನಗೊಬ್ಬನಿಗೇ ಬರೆದರು: “ನಿಯಮ ಅಂದ ಮೇಲೆ ನಿಯಮ. ಜೊತೆಗೆ ಯಾರಾದರೂ ಸಿಕ್ಕ ದಿನ ಬನ್ನಿ. ನಾಳೆ ಹೆಸರು ತೆಗೆಯುತ್ತೇನೆ. ನಮ್ಮ ಮನೆಯಲ್ಲಿ ಇವಳು ಬೆಳಗ್ಗೆಯಿಂದ ನನ್ನ ಜೊತೆ ಮಾತಾಡಿಲ್ಲ, ಆ ನಿಯಮ ಮಾಡಿದ್ದು ನಾನಂತೆ.”

ಏಪ್ರಿಲ್ 9, ಮಂಗಳವಾರ

ಊಟ ಮೊನ್ನೆ ಭಾನುವಾರ ಆಯಿತೆಂದು ಗೊತ್ತು. ಹೇಗಾಯಿತೆಂದು ಗೊತ್ತಿಲ್ಲ.

ಇವತ್ತು ನಾಲ್ಕು ಗಂಟೆಯ ಅಪಾಯಿಂಟ್‌ಮೆಂಟಿಗೆ ಬಂದವರು ಗದ್ದವನ್ನು ಕಣ್ಣು ನೋಡುವ ಮೆಷಿನ್ನಿನ ಮೇಲೆ ಇಟ್ಟರು. ದೀಪ ಆರಿಸಿ ನೋಡುತ್ತಿದ್ದೆ. ಫೋನಿನಲ್ಲಿ ಕೇಳಿದ್ದ ಅದೇ ಸಣ್ಣ ದನಿ.

“ನನಗೆ ಎಲ್ಲದರಲ್ಲೂ ಬೆಣ್ಣೆ ವಾಸನೆಯೇ ಬರುತ್ತೆ, ಮೂಗು ತೊಳ್ಕೊಂಡು ಬಾ ಅಂತ ಚಿಕ್ಕಮ್ಮ ಅಂದದ್ದು — ಅದೂ ನೀವೇನಾ?”

“ಹೌದು.”

“ಎರಡು ದಿನ ನಕ್ಕಿದ್ದೆ ಅದಕ್ಕೆ.”

“ತಪ್ಪಾಯ್ತು.”

“ಅದಕ್ಕಲ್ಲ ರೀ ತಪ್ಪು. ಚಪ್ಪಲಿ ವಿಷಯ. ಅವತ್ತೇ ಹೋಗಿ ಅವರ ಚಪ್ಪಲಿ ಕಸಕ್ಕೆ ಹಾಕಿದೆ. ಹಿರಿಯರೊಬ್ಬರು ಹೇಳಿದ್ರು ಅಂತ ಧೈರ್ಯ ಬಂದಿತ್ತು. ನೋಡಿದ್ರೆ ಹಿರಿಯರೂ ಇಲ್ಲ, ಏನೂ ಇಲ್ಲ. ಕನ್ನಡಕದಂಗಡಿಯವರು.”

ಕತ್ತಲಲ್ಲಿ ಅವರ ಎಡಗಣ್ಣು ನನ್ನ ಮುಂದೆ, ದೊಡ್ಡದಾಗಿ, ಒದ್ದೆಯಾಗಿ. ವೃತ್ತಿಯ ಅಭ್ಯಾಸ — ಪೊರೆ ಶುರುವಾಗಿಲ್ಲ ಎಂದು ಗಮನಿಸಿದೆ.

“ಈಗ ಹೇಳಿ. ಅವರನ್ನ ಒಳಗೆ ಬಿಟ್ಕೊಳ್ಳಲಾ? ಚಿಕ್ಕಮ್ಮ ಇದ್ದಿದ್ರೆ ಏನನ್ನೋರು?”

ನಾಲಿಗೆಯ ತುದಿಗೆ ಒಂದು ವಾಕ್ಯ ಬಂತು. ಚೆನ್ನಾಗಿತ್ತು. ನುಂಗಿದೆ. “ಗೊತ್ತಿಲ್ಲ. ಅವರಿಗೆ ನಿಮ್ಮ ಪರಿಚಯವೇ ಇರಲಿಲ್ಲ.”

“ನಿಮಗಿತ್ತಲ್ಲ?”

ದೀಪ ಹಾಕಿದೆ. ಓದಲು ಮಾತ್ರ ಕನ್ನಡಕ ಬೇಕೆಂದೆ. ಚೀಟಿ ತೆಗೆದುಕೊಂಡು ಎದ್ದರು. ಬಾಗಿಲ ಬಳಿ ತಿರುಗಿ ನಿಂತರು. “ಭಾನುವಾರದ್ದು ಫ್ರಾನ್ಸ್‌ನ ಬಿಳಿ. ಗುಂಪಲ್ಲಿಲ್ಲ ನೀವು, ಅದಕ್ಕೆ ಹೇಳಿದೆ. ನಮ್ಮನೇಲೂ ಈಗ ಎರಡನೇ ಅಭಿಪ್ರಾಯ ಇಲ್ಲ. ಇಷ್ಟು ದಿನ ಕೆಲಸದ ಹುಡುಗೀದು ಅಂತ ನಾನೇ ಬರೀತಿದ್ದೆ.”

ಏಪ್ರಿಲ್ 14, ಭಾನುವಾರ. ಸಂಜೆ 6.25

ಬಾಟಲಿ ತಂದಿದ್ದೆ. ತರಬಾರದೆಂದುಕೊಂಡು ತಂದಿದ್ದೆ. ಆರಕ್ಕೆ ತೆಗೆದೆ. ಒಂದೇ ಗ್ಲಾಸು.

ಆರೂ ಹತ್ತಕ್ಕೆ ಫೋನು.

“ತೆಗೆದ್ರಾ?”

“ಹೂಂ.”

“ಹೇಗಿದೆ?”

“ನಿಂಬೆ. ಒದ್ದೆ ಕಲ್ಲು. ಸ್ವಲ್ಪ ಉಪ್ಪು.”

“ಅದು ಲೇಬಲ್ ಹಿಂದೆ ಬರೆದಿದೆ ರೀ, ನಾನೂ ಓದಿದೆ. ನಿಮಗೆ ಹೇಗಿದೆ ಅಂತ ಕೇಳಿದ್ದು.”

ಇನ್ನೊಂದು ಗುಟುಕು. ಬಾಯಲ್ಲೇ ಇಟ್ಟುಕೊಂಡು ಕಾದೆ, ಎರಡು ವರ್ಷದ ಅಭ್ಯಾಸದಂತೆ. ಚಿಕ್ಕಮ್ಮ ಏನೂ ಹೇಳಲಿಲ್ಲ. ಮತ್ತೆ ಕಾದೆ. ಕೋಣೆಯಲ್ಲಿ ಫ್ರಿಜ್ಜಿನ ಸದ್ದು. ಆ ಕಡೆ ಅವರ ಉಸಿರು. ಚಿಕ್ಕಮ್ಮ ಇಲ್ಲ.

“ಇದ್ದೀರಾ?” ಎಂದರು.

“ಇದ್ದೀನಿ. ನನಗೆ...” ಎಂದೆ. “ಒಂದು ನಿಮಿಷ, ಮತ್ತೆ ಮಾಡ್ತೀನಿ” ಎಂದು ಇಟ್ಟೆ. ಈಗ ಹದಿನೈದು ನಿಮಿಷ. ಹೇಳಬೇಕಾದದ್ದನ್ನು ಇಲ್ಲಿ ಬರೆದುಕೊಂಡು ಓದಿಬಿಡೋಣವೆಂದು ಕೂತೆ. ನನಗೆ ಇದು... ಬರೆಯುವುದು ಬೇಡ, ಫೋನಿನಲ್ಲೇ ಹೇಳುತ್ತೇನೆ.