ಬಲಗಿವಿಯ ಪಕ್ಕ

ಅಪ್ಪಾ,

ಪುರಸಭೆಯ ಅಧ್ಯಕ್ಷರಾಗಿದ್ದವರನ್ನು ಹೂಳುವ ಸಾಲಿನಲ್ಲಿ ನಿಮ್ಮ ಸಮಾಧಿಯ ಎರಡೂ ಪಕ್ಕ ಖಾಲಿಯಿತ್ತಲ್ಲ, ಇವತ್ತು ಒಂದು ಕಡೆ ತುಂಬಿತು. ಬಂದವರು ಬೇರೆ ಯಾರೂ ಅಲ್ಲ, ಸಭೆಯಲ್ಲಿ ನಿಮ್ಮ ಮಾತಿಗೆಲ್ಲ ಅಡ್ಡಗಾಲು ಹಾಕುತ್ತಿದ್ದ ವಿರೋಧ ಪಕ್ಷದವರು. ನಿಮ್ಮ ನಂತರ ಅವರೇ ಅಧ್ಯಕ್ಷರಾಗಿದ್ದರು.

ಗುಂಡಿ ತೋಡುವವರು ಗುದ್ದಲಿ ಎತ್ತುವಷ್ಟರಲ್ಲಿ ಅವರ ಹೆಂಡತಿ ತಡೆದರು.

"ಆ ಪಕ್ಕ ಬೇಡಪ್ಪ, ಈ ಪಕ್ಕ ತೋಡಿ. ನಮ್ಮನೆಯವರಿಗೆ ಎಡಗಿವಿ ಕೇಳಿಸಲ್ಲ. ಆ ಅಧ್ಯಕ್ಷರು ಇವರ ಬಲಕ್ಕೇ ಇರಲಿ. ಇಲ್ಲದಿದ್ರೆ ಇವರು ಎದುರುತ್ತರ ಕೊಡೋದು ಹೇಗೆ?"

ಅಳುತ್ತಿದ್ದವರೂ ನಕ್ಕರು. ನಾನೂ ನಕ್ಕೆ.

ಮನೆಯಲ್ಲಿ ನೀವು ಬಾಯಿ ತೆರೆದರೆ ಸಾಕು, "ಆಯ್ತಪ್ಪ" ಎಂದು ನಾವೆಲ್ಲ ಎದ್ದು ಹೋಗುತ್ತಿದ್ದೆವು. ಅವರು ಎದುರುತ್ತರ ಕೊಡುವುದಕ್ಕಾದರೂ ನಿಮ್ಮ ಮಾತನ್ನು ಕೊನೆಯವರೆಗೆ ಕೇಳುತ್ತಿದ್ದರು.

ನನ್ನ ಎರಡೂ ಕಿವಿ ಚೆನ್ನಾಗಿವೆ, ಅಪ್ಪಾ.