ತಾಳ ಹೊಡೆಯುವ ಹುಡುಗ

ಅಕ್ಕ,
ನಿನ್ನ ಮಗಳು ಮೆಚ್ಚಿದ ಹುಡುಗನನ್ನು ನೋಡಿದೆ. ಶನಿವಾರದಿಂದ ಇವರ ಸಿಂಫನಿ ಆರ್ಕೆಸ್ಟ್ರಾದ ಮೂರು ಕಛೇರಿಗಳಿವೆ, ಇವತ್ತು ತಾಲೀಮು. ಎಪ್ಪತ್ತು ಜನ ಬೆವರು ಸುರಿಸಿ ನುಡಿಸುತ್ತಿದ್ದರೆ ಇವನು ಮಡಿಲಲ್ಲಿ ತಟ್ಟೆಯಗಲದ ಕಂಚಿನ ತಾಳ ಇಟ್ಟುಕೊಂಡು ಸುಮ್ಮನೆ ಕೂತಿದ್ದ. ಪಕ್ಕದ ಖಾಲಿ ಕುರ್ಚಿ ಹಿಡಿದು ಸಂಬಳ, ಮನೆ, ಕುಡಿತ, ಸಿಟ್ಟು ಎಲ್ಲ ವಿಚಾರಿಸಿದೆ. ತುಟಿ ಅಲ್ಲಾಡಿತು, ಉತ್ತರ ಬರಲಿಲ್ಲ. ತಟ್ಟನೆ ಎದ್ದು ಒಂದೇ ಏಟು ಹೊಡೆದ. ಎಲ್ಲರ ಜೊತೆ ಸರಿಯಾಗಿ ಕೂಡಿತು.

"ತಪ್ಪು ತಿಳೀಬೇಡಿ ಮಾವ, ನನ್ನ ಏಟು ಬರೋವರೆಗೂ ಮನಸ್ಸಲ್ಲೇ ಇನ್ನೂರ ಹನ್ನೆರಡು ಆವರ್ತ ಎಣಿಸ್ಬೇಕಿತ್ತು," ಅಂದವನು ನಾಲ್ಕೂ ಪ್ರಶ್ನೆಗೆ ಕೇಳಿದ ವರಸೆಯಲ್ಲೇ ಉತ್ತರ ಕೊಟ್ಟ.

ನನ್ನ ಮಂಡಿನೋವು ಇಳಿದಿದೆ, ಕಿವಿ ಮಾತ್ರ ಇನ್ನೂ ಗುಂಯ್ ಅನ್ನುತ್ತಿದೆ. ನಾನು ಮಾತಾಡುವಾಗಲೂ ಲೆಕ್ಕ ತಪ್ಪದ ಗಂಡಸನ್ನು ಇದೇ ಮೊದಲು ಕಂಡದ್ದು. ಒಪ್ಪಿಬಿಡು.
ಅವಸರದಲ್ಲಿ,
ತಮ್ಮ