ಬೆನ್ನ ಹಿಂದಿನ ಕುರ್ಚಿ

ಮನೆ, ನಡುಕೋಣೆಯ ಮೇಜಿನಿಂದ
ಮಂಗಳವಾರ, ಊಟ ಮುಗಿದ ಮೇಲೆ

ನನ್ನ ಅಕ್ಕನ ಮಗಳು, ಹಡಗಿನ ರಾಣಿಗೆ ಅವಳ ಒಬ್ಬನೇ ಒಬ್ಬ ಸೋದರಮಾವನ ಆಶೀರ್ವಾದಗಳು.

ಹೇಗಿದ್ದೀಯೇ? ಹಡಗಿನ ಹೊಟ್ಟೆಯೊಳಗೆ ಇಂಜಿನ್ ಪಕ್ಕದಲ್ಲಿ ಬೆವರು ಸುರಿಸುವವಳಿಗೆ ಸೊಂಟನೋವು ಕಮ್ಮಿಯಾಯಿತಾ? ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತೀ ತಾನೆ? ಹಾಕಿಕೊಳ್ಳದೆ ಶೋಕಿ ಮಾಡಿದವರು ಏನಾಗುತ್ತಾರೆ ಅಂತ ತಿಳಿಯೋಕೆ ನಿನಗೆ ಬೇರೆಲ್ಲೂ ನೋಡಬೇಕಿಲ್ಲ, ಮರ ಕೊಯ್ಯುವ ಮಿಲ್ಲಿಗೆ ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಕೊಟ್ಟು ಬಂದ ಈ ನಿನ್ನ ಮಾವ ಒಬ್ಬ ಸಾಕು. ಇಲ್ಲಿ ನಾನು ಕಲ್ಲುಗುಂಡಿನ ಹಾಗಿದ್ದೇನೆ. ನಿನ್ನಮ್ಮ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಮಲಗುತ್ತಾಳೆ, ಮಿಕ್ಕ ಹೊತ್ತು ನನ್ನ ಹಿಂದಿನ ಕುರ್ಚಿಯಲ್ಲಿ ಕೂತಿರುತ್ತಾಳೆ. ಮಾತು ಕಲಿಸುವ ಟೀಚರಮ್ಮ ತಪ್ಪದೆ ಬರುತ್ತಾರೆ. ಕನ್ನಡಿ ಹಿಡಿದು ತುಟಿ ಹೀಗೆ ಮಾಡಿ, ಹಾಗೆ ಮಾಡಿ ಅನ್ನುತ್ತಾರೆ. ಅಕ್ಕ ಅವರ ಮುಖವನ್ನೇ ನೋಡುತ್ತಾಳೆ ಹೊರತು ತುಟಿ ಅಲ್ಲಾಡಿಸುವುದಿಲ್ಲ. ಮಾತು ಕಸಿದ ಆ ಕಾಯಿಲೆ ಬಡಿದ ದಿನದಿಂದ ನೀನು ಹಡಗು ಹತ್ತುವವರೆಗೆ ಹೇಗಿದ್ದಳೋ ಹಾಗೇ.

ನಿನ್ನ ಪತ್ರ ಬಂತು. ಹಡಗು ಮುಂದಿನ ಬಂದರು ಮುಟ್ಟುವಷ್ಟರಲ್ಲಿ ಅಮ್ಮನ ಬಾಯಿಂದ ಒಂದಾದರೂ ಮಾತು ಬರದಿದ್ದರೆ ಅವಳನ್ನು ಆರೈಕೆ ಮನೆಗೆ ಸೇರಿಸೋಣ, ನಾನು ಬಂದರಿನಿಂದಲೇ ಒಪ್ಪಿಗೆ ಹೇಳಿಬಿಡುತ್ತೇನೆ, ಮಾವಾ, ನಿನಗೂ ವಯಸ್ಸಾಯಿತು ಅಂತ ಬರೆದಿದ್ದೀ. ವಯಸ್ಸಿನ ಮಾತನ್ನು ಕ್ಷಮಿಸಿದ್ದೇನೆ. ಉಳಿದಿದ್ದಕ್ಕೆ ಆಮೇಲೆ ಬರುತ್ತೇನೆ, ಮೊದಲು ಸಿಹಿ ಸುದ್ದಿ ಕೇಳು. ನಿನ್ನ ಮಾವ ಈಗ ಬೆಳ್ಳಿ ದರ್ಜೆಯ ಆಟಗಾರ!

ನಗಬೇಡ. ನೀನು ಬಿಟ್ಟುಹೋದ ಆ ಕಂಪ್ಯೂಟರು, ಆ ದಪ್ಪ ಹೆಡ್‌ಫೋನು, ಐವರು ಐವರಾಗಿ ಕೋಟೆ ಬಾಗಿಲು ಒಡೆಯುವ ಆ ಆಟ. ಹೊರಡುವ ದಿನ ಪೆಟ್ಟಿಗೆ ಕಟ್ಟುತ್ತಾ ಏನಂದೆ? "ಮಾವಾ, ಧೂಳು ಹೊಡಿ ಸಾಕು, ಆಡೋಕೆ ಹೋಗಬೇಡ, ರ‍್ಯಾಂಕ್ ಆಟದಲ್ಲಿ ನಿನ್ನನ್ನ ಉಪ್ಪಿನಕಾಯಿ ಹಾಕ್ತಾರೆ" ಅಂದೆ. ನನಗೆ ಅಷ್ಟು ಹೇಳಿದರೆ ಸಾಲದೇ? ನೀನು ಬೀದಿ ತಿರುಗುವಷ್ಟರಲ್ಲಿ ಕೂತಿದ್ದೆ. ಅಲ್ಲಿಗೆ ಹೋದ ತಕ್ಷಣ ರ‍್ಯಾಂಕ್ ಆಟಕ್ಕೆ ಬಿಡುವುದಿಲ್ಲವಂತೆ, ಬೀಗ ಹಾಕಿರುತ್ತಾರೆ. ಸುಮ್ಮನೆ ಆಡುವ ಆಟಗಳನ್ನು ಆಡಿ ಆಡಿ ಮಟ್ಟ ಏರಿಸಿಕೊಂಡರೆ ಬೀಗ ತೆರೆಯುತ್ತೆ. ತೆರೆಸಿದೆ. ಆಮೇಲೆ ನಿನ್ನ ಯೋಗ್ಯತೆ ಅಳೆಯೋಕೆ ಅಂತ ಕೆಲವು ಆಟ ಆಡಿಸುತ್ತಾರೆ. ಅಷ್ಟನ್ನೂ ಸೋತೆ. ಸೋತಿದ್ದು ನಾನಲ್ಲ ಬಿಡು, ಜೊತೆಗೆ ಸಿಕ್ಕ ನಾಲ್ಕು ಜನ ತಲೆಬುಡ ತಿಳಿಯದವರು. ಕಬ್ಬಿಣ ದರ್ಜೆ ಕೊಟ್ಟರು. ಅದಕ್ಕಿಂತ ಕೆಳಗೆ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಜೀವಮಾನ ಪೂರ್ತಿ ಗರಗಸದ ಕಬ್ಬಿಣದ ಹಲ್ಲಿನ ಎದುರು ನಿಂತವನಿಗೆ ಅದೇನು ಅವಮಾನವೇ ಅಂತ ಮೀಸೆ ತಿರುವಿದೆ.

ಗುರಾಣಿ ಹಿಡಿದ ದಡಿಯನ ಪಾತ್ರ ಆರಿಸಿಕೊಂಡಿದ್ದೇನೆ. ಎಲ್ಲರಿಗಿಂತ ಮುಂದೆ ಹೋಗಿ ಏಟು ತಿನ್ನುವುದೇ ಕೆಲಸ, ಬೆರಳಿನ ಚುರುಕು ಬೇಡ, ಭಂಡತನ ಬೇಕು. ಒಂದು ದಿನ ಗೆದ್ದೆವು. ಆಟ ಮುಗಿದ ಮೇಲೆ ಒಬ್ಬ ಬೇಕರಿಯವನು, ಬೆಳಿಗ್ಗೆಯ ಒಲೆ ಕೆಲಸ ಮುಗಿಸಿ ಮಧ್ಯಾಹ್ನ ಆಡುವವನು, "ಮಾವಾ, ನಮ್ಮ ಗುಂಪಿಗೆ ಬಂದುಬಿಡಿ, ದಿನಾ ಒಟ್ಟಿಗೆ ಆಡೋಣ" ಅಂದ. ಅವನ ಜೊತೆ ರಾತ್ರಿ ಪಾಳಿಯ ನರ್ಸಮ್ಮ ಒಬ್ಬಳು, ಯಾವಾಗಲೂ ಜಗಳವಾಡುವ ಅಣ್ಣತಮ್ಮಂದಿರು ಇಬ್ಬರು. ಹೊಸಬನನ್ನು ಕರೆದು ಕೂರಿಸಿಕೊಳ್ಳಬೇಕಾದರೆ ನನ್ನಲ್ಲಿ ಏನೋ ಕಂಡಿರಬೇಕಲ್ಲ! ಅಲ್ಲಿಂದ ಕಬ್ಬಿಣ ಹೋಗಿ ಕಂಚು ಬಂತು, ಕಂಚು ಹೋಗಿ ಬೆಳ್ಳಿ ಬಂತು. ಬೀದಿ ಕೊನೆಯ ಕ್ಷೌರಿಕನಿಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಟೀಚರಮ್ಮನಿಗೂ ಹೇಳಿದೆ. ಅವರು ಚೀಲ ಹೆಗಲಿಗೇರಿಸಿಕೊಂಡು ಬೇಗ ಹೋದರು, ಹೊಟ್ಟೆಕಿಚ್ಚು.

ದಿನಾ ಆಟ ಶುರುವಾಗುವ ಮುಂಚೆ ಅವರು ಒಂದು ಮಾತು ಕೇಳುತ್ತಿದ್ದರು. "ಮಾವಾ, ಮನೆಯವರು ಇದ್ದಾರಾ?" ಒಳ್ಳೆ ಸಂಸ್ಕಾರದ ಜನ, ಮನೆಮಂದಿಯ ಕ್ಷೇಮ ವಿಚಾರಿಸುತ್ತಾರೆ ಅಂದುಕೊಂಡು "ಇದ್ದಾರೆ, ಇದ್ದಾರೆ" ಅನ್ನುತ್ತಿದ್ದೆ. ಅಕ್ಕನಿಗೆ ಮೈ ಬಿಸಿಯಿದ್ದ ಒಂದು ದಿನ, ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ ಅಂದೆ. ಹಾಗಾದರೆ ಇವತ್ತು ರ‍್ಯಾಂಕ್ ಬೇಡ, ಸುಮ್ಮನೆ ಆಡೋಣ ಅಂದರು. ಇವರಿಗೆ ನನ್ನ ಅಕ್ಕನ ಮೇಲೆ ಎಷ್ಟು ಕಾಳಜಿ ಅಂತ ನನ್ನ ಕಣ್ಣಲ್ಲಿ ನೀರು ಬಂತು. ಹುಚ್ಚ ನಾನು.

ಈಗ ಹೇಳುವುದನ್ನು ನಿಧಾನವಾಗಿ ಓದು. ಕಳೆದ ವಾರ ಆಟ ಬಿಗಿಯಾಗಿತ್ತು. ಬಾಗಿಲು ಒಡೆಯೋಕೆ ಒಂದೇ ಏಟು ಬಾಕಿ. ನಾನು ಎಂದಿನಂತೆ ಹಾಗೆ ಬನ್ನಿ ಹೀಗೆ ಬನ್ನಿ ಅಂತ ಕೂಗುತ್ತಿದ್ದೆ. ನರ್ಸಮ್ಮ ನಡುವೆ ಬಾಯಿ ಹಾಕಿ, "ಮಾವಾ, ಸ್ವಲ್ಪ ಸುಮ್ಮನಿರಿ, ನಿಮ್ಮ ಹಿಂದೆ ಅಮ್ಮ ಹೇಳ್ತಿರೋದು ಕೇಳಿಸ್ತಿಲ್ಲ" ಅಂದಳು.

ನಾನು ಹೆಡ್‌ಫೋನು ತೆಗೆದು ತಿರುಗಿದೆ. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಕೈ ಮಡಿಲಲ್ಲಿ, ತುಟಿ ಬಿಗಿದಿತ್ತು. ಕನ್ನಡಕ ಕೂಡ ಹಾಕಿರಲಿಲ್ಲ, ಅಷ್ಟು ದೂರದಿಂದ ಪರದೆ ಅವಳಿಗೆ ಬರೀ ಬೆಳಕಿನ ಚೌಕ. ನನ್ನ ಕತ್ತು ಇದ್ದ ಜಾಗವನ್ನೇ ನೋಡುತ್ತಿದ್ದಳು, ನಾನು ತಿರುಗಿದ ಮೇಲೂ ಕಣ್ಣು ಅಲ್ಲೇ ಇತ್ತು. ಫ್ಯಾನು ತಿರುಗುತ್ತಿತ್ತು. ಮತ್ತೇನೂ ಇಲ್ಲ.

ತಪ್ಪು ನನ್ನದೇ ಅಂತ ಬೇಕರಿಯವನು ಬಿಡಿಸಿ ಹೇಳಿದ. ಹೆಡ್‌ಫೋನಿನ ಮೈಕಿನ ಕಡ್ಡಿ ಬಾಯಿ ಮುಂದೆ ಇರಬೇಕಂತೆ. ನನಗೆ ಅದು ಮೀಸೆಗೆ ತಗಲಿ ಕಚಗುಳಿ ಆಗುತ್ತಿತ್ತು, ಮೊದಲ ದಿನವೇ ಹಿಂದಕ್ಕೆ ತಿರುಗಿಸಿ ಬಿಟ್ಟಿದ್ದೆ. ಅಂದರೆ ನನ್ನ ಬೆನ್ನ ಹಿಂದಿನ ಕೋಣೆಯೆಲ್ಲ ಇಷ್ಟು ದಿನವೂ ಅವರಿಗೆ ಕೇಳುತ್ತಿತ್ತು. ನನಗೆ ಮಾತ್ರ ಕೇಳಿಸುತ್ತಿರಲಿಲ್ಲ. ಮೊದಲೇ ಅರ್ಧ ಕಿವಿ, ಅದರ ಮೇಲೆ ಆಟದ ಗದ್ದಲ. ಅವರು ಗುಂಪಿಗೆ ಕರೆದಿದ್ದು ನನ್ನ ಗುರಾಣಿಗಲ್ಲವಂತೆ. ನನ್ನ ಬೆನ್ನ ಹಿಂದಿನಿಂದ ಒಬ್ಬ ಹೆಂಗಸು, ಎದುರಾಳಿ ಎಲ್ಲಿಂದ ಬರುತ್ತಾನೆ ಅಂತ ಅವನು ಪರದೆಯ ಮೇಲೆ ಕಾಣುವ ಮೊದಲೇ ಹೇಳುತ್ತಾಳಂತೆ, ಒಂದು ಸಲವೂ ತಪ್ಪಿಲ್ಲವಂತೆ.

ಏನು ಹೇಳುತ್ತಾಳೆ, ಅವಳು ಅಂದ ಹಾಗೇ ಹೇಳು ಅಂತ ನರ್ಸಮ್ಮನನ್ನು ಕೇಳಿದೆ. ಅವಳು ನಿಧಾನವಾಗಿ, ಅದೇ ಎಳೆತದಲ್ಲಿ ಅಂದಳು. "ತಡಿ... ಎಡಕ್ಕೆ... ಈಗ ನೂಕು."

ಮೌಸು ಕೆಳಗಿಟ್ಟೆ ಮಗಾ. ಮಿಲ್ಲಿನ ಕಟ್ಟುಪಾಡು ನಿನಗೆ ಗೊತ್ತಿಲ್ಲ, ನೀನಾಗ ಹುಟ್ಟಿರಲಿಲ್ಲ. ಗರಗಸದ ಮುಂದೆ ದಿಮ್ಮಿ ನೂಕುವವನು ಹಿಂದೆ ತಿರುಗಬಾರದು. ತಿರುಗಿದರೆ ಕೈ ಹೋಯಿತು. ಸ್ವಿಚ್ಚಿನ ಹತ್ತಿರ ಹಿಂದೆ ನಿಂತವರೇ ಅವನ ಕಣ್ಣು, ಅವರು ಹೇಳಿದಂತೆ ಅವನು ನಡೆಯಬೇಕು. ನನ್ನ ಹಿಂದೆ ನಿಲ್ಲುತ್ತಿದ್ದವಳು ನಿನ್ನಮ್ಮ. ನನ್ನ ಹತ್ತು ಬೆರಳೂ ಇವತ್ತು ನಿನಗೆ ಕಾಗದ ಬರೆಯೋಕೆ ಉಳಿದಿದ್ದರೆ ಆ ಮೂರು ಮಾತಿನಿಂದ. ಆಗಿನ್ನೂ ಕಿವಿ ಇತ್ತು. ಮಿಲ್ಲು ಮುಚ್ಚಿದ ಮೇಲೆ ಆ ಮಾತು ಯಾರೂ ಆಡಿಲ್ಲ, ನಾನು ಯಾರಿಗೂ ಹೇಳಿಲ್ಲ. ನಾನು ಜಂಬ ಕೊಚ್ಚದೆ ಬಿಟ್ಟ ಒಂದೇ ವಿಷಯ ಅದು.

ಟೀಚರಮ್ಮನಿಗೆ ಹೇಳಿದೆ. ಬೆಳ್ಳಿ ದರ್ಜೆಯ ಸುದ್ದಿ ಕೇಳಿದ ಮುಖವನ್ನೇ ಮಾಡಿದರು. ಸರಿ, ಪುರಾವೆ ಕೊಡೋಣ ಅಂತ ನಾನು ಆಡುವಾಗ ಅಕ್ಕನ ಮಡಿಲಲ್ಲಿ ಫೋನು ಇಟ್ಟು ರೆಕಾರ್ಡ್ ಮಾಡಿದೆ. ಅವತ್ತೂ ಆ ನಾಲ್ವರು ಅವಳ ಮಾತು ಕೇಳುತ್ತಲೇ ಆಡಿದರು, ಗೆದ್ದೆವು. ಫೋನಿನಲ್ಲಿ ಟೀಚರಮ್ಮನಿಗೆ ಕೇಳಿಸಿದ್ದು ಫ್ಯಾನಿನ ಸದ್ದು, ನನ್ನ ಕಿರುಚಾಟ, ಮತ್ತು ಒಂದು ಕಡೆ ಅಕ್ಕನ ಉಸಿರು. ಅವರು ನನ್ನ ಭುಜದ ಮೇಲೆ ಕೈಯಿಟ್ಟು, ಅಕ್ಕನನ್ನು ಕಳಿಸೋದು ನಿಮಗೆ ಕಷ್ಟ ಅಂತ ಗೊತ್ತು, ಆದರೆ ಹೀಗೆಲ್ಲ ಕಟ್ಟಬೇಡಿ ಅಂದರು.

ನೀನೂ ಹಾಗೇ ಅಂದುಕೊಳ್ಳುತ್ತೀ, ಗೊತ್ತು. ಬೊಗಳೆ ಮಾವ, ಅಮ್ಮನನ್ನು ಉಳಿಸಿಕೊಳ್ಳೋಕೆ ಹೊಸ ಕತೆ ಹೊಸೆದಿದ್ದಾನೆ ಅಂತ. ಹೊಸೆಯುವವನಾಗಿದ್ದರೆ ನಾನು ಕೋಟೆ ಬಾಗಿಲು ಒಬ್ಬನೇ ಒಡೆದೆ ಅಂತ ಹೊಸೆಯುತ್ತಿದ್ದೆ. ಇದರಲ್ಲಿ ನನಗೇನು ಕೀರ್ತಿ ಬಂತು ಹೇಳು? ಬೆಳ್ಳಿಯೂ ನನ್ನದಲ್ಲ ಅಂತಾಯಿತು.

ಆ ಮೇಲೆ ನಾನು ಆಡುವಾಗ ನಡುನಡುವೆ ಫಕ್ಕನೆ ತಿರುಗಿ ನೋಡತೊಡಗಿದೆ. ತಿರುಗಿದಾಗೆಲ್ಲ ಅವಳ ತುಟಿ ಮುಚ್ಚಿರುತ್ತೆ, ಹಿಂದಿನ ಸಲಕ್ಕಿಂತ ಕುರ್ಚಿ ಒಂದಿಷ್ಟು ಹತ್ತಿರ ಬಂದಂತೆ ಕಾಣುತ್ತೆ. ಗಾಲಿಯಿಲ್ಲದ ಕುರ್ಚಿ. ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕೋಣ ಅಂತ ಸುಣ್ಣದ ಕಡ್ಡಿ ತಂದಿಟ್ಟುಕೊಂಡೆ. ಗೀರೋಕೆ ಧೈರ್ಯ ಬರಲಿಲ್ಲ, ಮೇಜಿನ ಮೇಲೆ ಹಾಗೇ ಇದೆ.

ಬಲಗಡೆ ತಿರುಗಿ ಮಲಗಬೇಡ, ಎದೆಯುರಿ ಬರುತ್ತೆ. ಸಮುದ್ರ ನೋಡುತ್ತಾ ಕಂಬಿಗೆ ಒರಗಬೇಡ. ನಿನ್ನ ಸಹೋದ್ಯೋಗಿಗಳಿಗೆಲ್ಲ ಈ ಬೆಳ್ಳಿಯ ಮಾವನ ನಮಸ್ಕಾರ ತಿಳಿಸು. ಹೋದಲ್ಲಿ ಬಂದಲ್ಲಿ ನಿನಗೆ ಒಳ್ಳೆಯದಾಗಲಿ, ಹಿಡಿದ ಕೆಲಸ ಕೈಗೂಡಲಿ.

ಇತಿ, ಹತ್ತು ಬೆರಳೂ ಉಳಿದಿರುವ
ನಿನ್ನ ಮಾವ

ತಾ.ಕ. ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಇವತ್ತು ಬುಧವಾರ. ನೀನು ಹೇಳಿದ್ದೆ ಅಂತ ಆರೈಕೆ ಮನೆಯವರು ಬೆಳಿಗ್ಗೆ ಗಾಡಿ ತಂದು, ಹೊಂದಿಕೊಳ್ಳುತ್ತಾಳಾ ನೋಡೋಣ ಅಂತ ಅಕ್ಕನನ್ನು ಸಂಜೆವರೆಗೆ ಕರೆದುಕೊಂಡು ಹೋದರು. ನಾನೇ ಗಾಡಿಗೆ ಹತ್ತಿಸಿ, ಬಾಗಿಲು ಹಾಕಿ ಬಂದೆ. ಮನೆ ಖಾಲಿ. ಮನಸ್ಸು ತಡೆಯದೆ ಆಟಕ್ಕೆ ಕೂತೆ. ಮನೆಯವರು ಇದ್ದಾರಾ ಅಂದರು. ಇಲ್ಲ ಅಂದೆ. ಬೇಕರಿಯವನು "ಇದ್ದಾರಲ್ಲ ಮಾವಾ, ಇವತ್ತು ಮೈಕಿಗೆ ಬಾಯಿಟ್ಟ ಹಾಗೆ ಹತ್ತಿರದಲ್ಲೇ ಇದ್ದಾರೆ. ಆಟದ ಮಾತೇ ಆಡ್ತಿಲ್ಲ. ಕಳಿಸಬೇಡ ಅಂತ ಸಾಸಿವೆಗೆ ಹೇಳು, ಕಳಿಸಬೇಡ ಅಂತ ಸಾಸಿವೆಗೆ ಹೇಳು ಅಂತಾನೇ ಇದ್ದಾರೆ. ಸಾಸಿವೆ ಅಂದ್ರೆ ಯಾರು?" ಅಂದ. ಆ ಹೆಸರಲ್ಲಿ ನಿನ್ನನ್ನು ಕರೆಯುತ್ತಿದ್ದವಳು ಅವಳೊಬ್ಬಳೇ. ನಾನು ಒಂದು ದಿನವೂ ಕರೆದವನಲ್ಲ, ಈ ಕಾಗದದಲ್ಲೂ ಅದನ್ನು ಬರೆದಿರಲಿಲ್ಲ. ಬಂದರಿನಲ್ಲಿ ಇಳಿದವಳು ಒಪ್ಪಿಗೆ ಹೇಳುವ ಮುಂಚೆ ಎಲ್ಲಾದರೂ ಒಂದು ಕಂಪ್ಯೂಟರು ಹುಡುಕಿ ನಮ್ಮ ಗುಂಪಿಗೆ ಒಂದೇ ಒಂದು ಆಟಕ್ಕೆ ಬಾ. ಗೆಲ್ಲಿಸಬೇಡ, ಆಡಲೂ ಬೇಡ, ಕಿವಿಗೊಟ್ಟು ಕೇಳು ಸಾಕು. ನಿನ್ನಮ್ಮನ ದನಿ ಹೌದೋ ಅಲ್ಲವೋ ಹೇಳಬಲ್ಲವಳು ನೀನೊಬ್ಬಳೇ. ಸಂಜೆ ಅಕ್ಕ ಮನೆಗೆ ಬಂದಿದ್ದಾಳೆ, ಒಳಗಿನ ಕೋಣೆಯಲ್ಲಿ ಮಲಗಿದ್ದಾಳೆ. ನಾನು ಇದನ್ನು ನಡುಕೋಣೆಯ ಮೇಜಿನಲ್ಲಿ ಕೂತೇ ಬರೆಯುತ್ತಿದ್ದೇನೆ. ಅಕ್ಕ ಕೂರುವ ಆ ಕುರ್ಚಿ ನನ್ನ ಬೆನ್ನಿಗೆ ತಗಲುತ್ತಿದೆ. ನಾನು ತಿರುಗಿ ನೋಡುವುದಿಲ್ಲ.